ಇಂಗ್ಲೆಂಡಿನಲ್ಲಿ ಎಲೆ ಉದುರುವ ಕಾಲಕ್ಕೆ ಇಬ್ಬರಿಗೇ ಒಂದು ಹಳ್ಳಿಮನೆ: ಎಲ್ಲಿ, ಯಾವಾಗ, ಹೇಗೆ?

ಸಂಪಿಗೆಮರ, ಸ್ಲೌ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಯಜಮಾನರೂ ನಾಲ್ಕು ವರ್ಷಗಳಿಂದ ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌನಲ್ಲಿ ನೆಲೆಸಿದ್ದೇವೆ. ನನಗೆ ಆಸ್ಪತ್ರೆಯಲ್ಲಿ ಹೆಚ್ಚಾಗಿ ರಾತ್ರಿ ಪಾಳಿ, ಅವರಿಗೆ ಕಚೇರಿಯಲ್ಲಿ ಹಗಲಿನ ಕೆಲಸ. ನಾನು ಬೆಳಿಗ್ಗೆ ಎಂಟೂವರೆಗೆ ಮನೆ ಸೇರುವ ಹೊತ್ತಿಗೆ ಅವರು ರೈಲು ಹತ್ತಿರುತ್ತಾರೆ; ಸಂಜೆ ಅವರು ಬಾಗಿಲು ತೆರೆಯುವ ಹೊತ್ತಿಗೆ ನಾನು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿರುತ್ತೇನೆ. ಒಂದೇ ಸೂರಿನ ಕೆಳಗಿದ್ದರೂ ವಾರದ ಐದು ದಿನ ನಮ್ಮ ಮಾತುಕತೆಯೆಲ್ಲ ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಗಳಲ್ಲೇ ನಡೆಯುತ್ತದೆ. "ಸಾರು ಬಿಸಿ ಮಾಡಿಕೊಳ್ಳಿ", "ಬಾಡಿಗೆ ಕಟ್ಟಿದ್ದೇನೆ", "ಅತ್ತೆಗೆ ಫೋನ್ ಮಾಡು" ಎಂಬಷ್ಟರಲ್ಲೇ ವಾರ ಮುಗಿದುಹೋಗುತ್ತದೆ.

ಈ ಅಕ್ಟೋಬರ್ ಕೊನೆಗೆ ನಮ್ಮ ಮದುವೆಯಾಗಿ ಹತ್ತು ವರ್ಷ ತುಂಬುತ್ತದೆ. ಈ ಸಲ ಉಡುಗೊರೆ, ಹೋಟೆಲ್ ಊಟ ಯಾವುದೂ ಬೇಡ, ಯಾವುದಾದರೂ ಹಳ್ಳಿಯಲ್ಲಿ ಒಂದು ಸಣ್ಣ ಕಲ್ಲಿನ ಮನೆಯನ್ನು ಬಾಡಿಗೆಗೆ ಹಿಡಿದು ಶುಕ್ರವಾರದಿಂದ ಸೋಮವಾರದವರೆಗೆ ನಾವಿಬ್ಬರೇ ಇರೋಣ ಎಂದು ನಾನೇ ಹಟ ಹಿಡಿದಿದ್ದೇನೆ. ಇಲ್ಲಿನ ಮರಗಳು ಬಣ್ಣ ಬದಲಾಯಿಸುವುದನ್ನು ನಾನು ಇದುವರೆಗೆ ನೋಡಿರುವುದು ಆಸ್ಪತ್ರೆಯ ವಾಹನ ನಿಲ್ದಾಣದ ಪಕ್ಕದಲ್ಲಿರುವ ಮೂರು ಮರಗಳಲ್ಲಿ ಮಾತ್ರ. ಅದನ್ನು ಒಮ್ಮೆಯಾದರೂ ಕಾಡಿನ ನಡುವೆ ನಿಂತು, ಅವರ ಜೊತೆಯಲ್ಲಿ ನೋಡಬೇಕೆಂಬ ಆಸೆಯಿದೆ.

ನಮ್ಮ ಬಳಿ ಕಾರಿಲ್ಲ. ಯಜಮಾನರಿಗೆ ಇಲ್ಲಿನ ಚಾಲನಾ ಪರವಾನಗಿ ಇದ್ದರೂ ಹಳ್ಳಿಯ ಕಿರಿದಾದ ರಸ್ತೆಗಳಲ್ಲಿ ಓಡಿಸಿ ಅಭ್ಯಾಸವಿಲ್ಲ. ಮೂರು ರಾತ್ರಿಗಳ ಬಾಡಿಗೆಗೆ 500 ಪೌಂಡ್‌ವರೆಗೆ ಕೊಡಬಲ್ಲೆವು. ಇಬ್ಬರೂ ಸಸ್ಯಾಹಾರಿಗಳು. ಮನೆಯಲ್ಲಿ ಸೌದೆಯ ಒಲೆ ಇದ್ದರೆ ಚೆನ್ನ ಎನ್ನಿಸುತ್ತದೆ, ಆದರೆ ಅದನ್ನು ಹೊತ್ತಿಸುವ ಕ್ರಮ ಗೊತ್ತಿಲ್ಲ. ಕಾಟ್ಸ್‌ವೊಲ್ಡ್ಸ್ ಗುಡ್ಡನಾಡಿಗೆ ಹೋಗಿ ಎಂದು ಕೆಲವರು ಹೇಳುತ್ತಾರೆ, ಉತ್ತರದ ಸರೋವರಗಳ ನಾಡಾದ ಲೇಕ್ ಡಿಸ್ಟ್ರಿಕ್ಟ್‌ಗೆ ಎಂದು ಕೆಲವರು. ಹೋಗಿ ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಗ್ಲಾಸ್ಟರ್ ವಾಸಿ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಬೆನ್ನಿಗೆ ಬರುತ್ತದೆ. ನೀವು ಹುಡುಕಬೇಕಾಗಿರುವುದು ನೋಡುವ ಸ್ಥಳಗಳನ್ನಲ್ಲ, ಇರುವ ಮನೆಯನ್ನು. ಅಕ್ಟೋಬರ್ ಕೊನೆಯಲ್ಲಿ ಇಲ್ಲಿ ಹಗಲು ಸುಮಾರು ಹತ್ತು ಗಂಟೆಯಷ್ಟೇ, ಅದರಲ್ಲೂ ಅರ್ಧ ಹೊತ್ತು ಮೋಡವೋ ತುಂತುರು ಮಳೆಯೋ ಇರುತ್ತದೆ. ಆದ್ದರಿಂದ ದಿನಕ್ಕೆ ಒಂದೇ ನಡಿಗೆ ಇಟ್ಟುಕೊಂಡು, ಮಿಕ್ಕ ಹೊತ್ತನ್ನು ಒಲೆಯ ಮುಂದೆ ಕಳೆಯುವ ಹಾಗಿದ್ದರೆ ಮಾತ್ರ ಈ ಕಾಲದ ಸುಖ ಕೈಗೆ ಸಿಗುತ್ತದೆ. ಐದು ಊರು ನೋಡಬೇಕೆಂದು ಹೊರಟವರು ಒದ್ದೆ ಬೂಟುಗಳನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ನೆನಪಿಟ್ಟುಕೊಂಡು ಮರಳುವುದನ್ನು ನಾನು ನಮ್ಮ ಮನೆಗೆ ಬಂದ ನೆಂಟರಲ್ಲೇ ಕಂಡಿದ್ದೇನೆ.

ಇನ್ನು ಕಾಲದ ವಿಚಾರ. ಆಟಮ್ ಎಂಬುದನ್ನು ನಾವು ಶರತ್ಕಾಲ ಎಂದು ಅನುವಾದಿಸಿಕೊಳ್ಳುತ್ತೇವೆ, ತಿಂಗಳ ಲೆಕ್ಕಕ್ಕೆ ಅದು ಸರಿಯೇ. ಆದರೆ ನಮ್ಮ ಶರದೃತುವೆಂದರೆ ಮಳೆ ತೊಳೆದುಹೋದ ಆಕಾಶ, ಹಸಿರು ಗದ್ದೆ, ನವರಾತ್ರಿ. ನಮ್ಮ ಕಾಡುಗಳಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಯುಗಾದಿಗೆ ಮುಂಚೆ. ಇಲ್ಲಿಗೆ ಹೊಸದಾಗಿ ಬಂದಾಗ, ಊರಿನಲ್ಲಿ ದೀಪಾವಳಿಯ ಪೈರು ತೂಗುತ್ತಿರುವ ದಿನಗಳಲ್ಲಿ ಇಲ್ಲಿ ಮರಗಳು ಬರಿದಾಗುವುದನ್ನು ನೋಡಿ ನನಗೆ ಮನಸ್ಸು ಕುಗ್ಗಿತ್ತು. ಅದರ ಚೆಲುವು ಕಣ್ಣಿಗೆ ಹಿಡಿಯಲು ಎರಡು ಮೂರು ವರ್ಷಗಳೇ ಬೇಕಾದವು.

ಎಲ್ಲ ಮರಗಳೂ ಒಂದೇ ವಾರದಲ್ಲಿ ಬಣ್ಣ ತಿರುಗುವುದಿಲ್ಲ. ಹಗಲು ಕುಗ್ಗಿ ರಾತ್ರಿಗಳು ತಣ್ಣಗಾದಂತೆ ಮರವು ಎಲೆಯಲ್ಲಿರುವ ಪತ್ರಹರಿತ್ತನ್ನು ಒಡೆದು ಅದರ ಸಾರವನ್ನು ಕೊಂಬೆಗೆ ಹಿಂತೆಗೆದುಕೊಳ್ಳುತ್ತದೆ. ಅದುವರೆಗೆ ಹಸಿರಿನ ಅಡಿಯಲ್ಲಿ ಮರೆಯಾಗಿದ್ದ ಹಳದಿ ಆಗ ಹೊರಗೆ ಕಾಣುತ್ತದೆ. ಕೆಂಪು ಹಾಗಲ್ಲ. ಅದನ್ನು ಮೇಪಲ್‌ನಂತಹ ಮರಗಳು ಆ ದಿನಗಳಲ್ಲೇ ಹೊಸದಾಗಿ ತಯಾರಿಸುತ್ತವೆ, ಬಿಸಿಲಿನ ಹಗಲೂ ಹಿಮ ಬೀಳದಷ್ಟು ತಂಪಾದ ರಾತ್ರಿಯೂ ಸಾಲಾಗಿ ಬಂದ ವರ್ಷ ಅದು ಗಾಢವಾಗಿರುತ್ತದೆ. ಜಪಾನಿನ ಮೇಪಲ್‌ಗಳು ಸಾಮಾನ್ಯವಾಗಿ ಅಕ್ಟೋಬರ್ ನಡುವಿಗೇ ತುಂಬಿ ಬರುತ್ತವೆ. ಬೀಚ್ ಎಂಬ ಕಾಡುಮರಗಳು ತಡ. ಅವು ಮೊದಲು ನಿಂಬೆಹಳದಿಯಾಗಿ, ಆಮೇಲೆ ತಾಮ್ರದ ಕೊಡ ಉಜ್ಜಿಟ್ಟ ಹಾಗೆ ಹೊಳೆಯುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ. ಬರಗಾಲದ ವರ್ಷದಲ್ಲಿ ಈ ಲೆಕ್ಕ ತಪ್ಪುತ್ತದೆ, 2022ರ ಬೇಸಿಗೆಯಲ್ಲಿ ನೀರಿಲ್ಲದೆ ಆಗಸ್ಟಿನಲ್ಲೇ ಎಲೆಗಳು ಕಂದಿ ಉದುರಿದ್ದವು. ಹಾಗೇನೂ ಆಗದಿದ್ದರೆ ನಿಮ್ಮ ಮದುವೆಯ ದಿನಕ್ಕೆ ಸರಿಯಾಗಿ ಒದಗುವುದು ಬೀಚ್ ಕಾಡು.

ಬೀಚ್ ಕಾಡು ಬೇಕೆಂದರೆ ಲೇಕ್ ಡಿಸ್ಟ್ರಿಕ್ಟ್‌ವರೆಗೆ ಹೋಗಬೇಕಾಗಿಲ್ಲ. ಅದು ಅಪರೂಪದ ನಾಡು ನಿಜ, ಆದರೆ ಸ್ಲೌನಿಂದ ಹೋಗುವುದಕ್ಕೂ ಬರುವುದಕ್ಕೂ ಒಂದೊಂದು ದಿನದ ಬಹುಪಾಲು ಕಳೆದುಹೋಗುತ್ತದೆ. ನಿಮಗೆ ನನ್ನ ಸಲಹೆ ಪೇನ್ಸ್‌ವಿಕ್. ಇದು ಕಾಟ್ಸ್‌ವೊಲ್ಡ್ಸ್‌ನ ಪಶ್ಚಿಮದ ಅಂಚಿನಲ್ಲಿ, ಸ್ಟ್ರೌಡ್ ಪಟ್ಟಣದಿಂದ ಮೂರು ನಾಲ್ಕು ಮೈಲಿ ದೂರದಲ್ಲಿರುವ ಹಳೆಯ ಊರು. ಒಂದು ಕಾಲದಲ್ಲಿ ಉಣ್ಣೆಬಟ್ಟೆಯ ಗಿರಣಿಗಳಿಂದ ಸಂಪನ್ನವಾಗಿದ್ದ ಊರಾದ್ದರಿಂದ ನೇಕಾರರ ಪುಟ್ಟ ಮನೆಗಳೂ ಬಟ್ಟೆ ವ್ಯಾಪಾರಿಗಳ ದೊಡ್ಡ ಮನೆಗಳೂ ಒಂದೇ ಬೀದಿಯಲ್ಲಿ ನಿಂತಿವೆ, ಎಲ್ಲವೂ ಸ್ಥಳೀಯ ಸುಣ್ಣಕಲ್ಲಿನವು. ಕಾಟ್ಸ್‌ವೊಲ್ಡ್ಸ್‌ನ ಕಲ್ಲೆಂದರೆ ಜೇನುಬಣ್ಣ ಎಂದು ಎಲ್ಲರೂ ಹೇಳುತ್ತಾರೆ. ಪೇನ್ಸ್‌ವಿಕ್‌ನದು ಅದಕ್ಕಿಂತ ಬಿಳಿಚು, ಒಣಗಿದ ಬೆಣ್ಣೆಯಂತೆ. ಸಂಜೆಯ ಬೆಳಕು ಅದರ ಮೇಲೆ ಬಿದ್ದಾಗ ನೋಡಬೇಕು. ಅಲ್ಲಿನ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ದುಂಡಗೆ ಕತ್ತರಿಸಿ ಬೆಳೆಸಿದ, ಯೂ ಎಂಬ ನಿತ್ಯಹಸಿರು ಮರಗಳು 99 ಇವೆ ಎಂಬುದು ಊರಿನ ಹಳೆಯ ಹೇಳಿಕೆ. ನಾನು ಎಣಿಸಲು ಹೋಗಿ ಪ್ರತಿಸಲವೂ ಲೆಕ್ಕ ತಪ್ಪಿದ್ದೇನೆ, ನೀವಿಬ್ಬರೂ ಸೇರಿ ಎಣಿಸಿ ನೋಡಿ.

ಚಿತ್ರಗಳಲ್ಲಿ ಎಲ್ಲರೂ ಕಂಡಿರುವ ಬೈಬರಿ ಎಂಬ ಹಳ್ಳಿಯ ಆರ್ಲಿಂಗ್ಟನ್ ರೋ ಮನೆಸಾಲು 1380ರ ಸುಮಾರಿಗೆ ಉಣ್ಣೆಯ ಉಗ್ರಾಣವಾಗಿ ಕಟ್ಟಿದ್ದು, 17ನೇ ಶತಮಾನದಲ್ಲಿ ನೇಕಾರರ ಮನೆಗಳಾದದ್ದು. ನಿಜಕ್ಕೂ ಸೊಗಸಾಗಿದೆ, ಆದರೆ ಶನಿವಾರ ಭಾನುವಾರ ಅಲ್ಲಿ ಪ್ರವಾಸಿಗರ ಗುಂಪು ನೆರೆದಿರುತ್ತದೆ. ನೀವು ಬಯಸುವ ಏಕಾಂತ ಅಲ್ಲಿಲ್ಲ.

ಸ್ಲೌನಿಂದ ರೆಡಿಂಗ್‌ಗೆ ಹೋಗಿ ಅಲ್ಲಿಂದ ಗ್ಲಾಸ್ಟರ್ ಕಡೆಯ ರೈಲು ಹತ್ತಿದರೆ ಸ್ಟ್ರೌಡ್‌ನಲ್ಲಿ ಇಳಿಯಬಹುದು. ಒಟ್ಟು ಸುಮಾರು ಎರಡು ಗಂಟೆಯ ಪ್ರಯಾಣ. ಕೆಂಬಲ್ ನಿಲ್ದಾಣ ದಾಟಿದ ಮೇಲೆ ಫೋನನ್ನು ಚೀಲದೊಳಗೆ ಇಡಿ. ಸ್ಯಾಪರ್ಟನ್ ಸುರಂಗದ ಕತ್ತಲೆ ಮುಗಿಯುತ್ತಿದ್ದಂತೆ ರೈಲು ಕಡಿದಾದ ಒಂದು ಕಣಿವೆಗೆ ಇಳಿಯುತ್ತದೆ, ಎರಡೂ ಬದಿಯ ಇಳಿಜಾರಿನಲ್ಲಿ ಕಾಡು. ಇಲ್ಲಿನವರು ಅದಕ್ಕೆ ಹೊನ್ನಕಣಿವೆ ಎಂಬ ಅರ್ಥದ ಹೆಸರಿಟ್ಟಿದ್ದಾರೆ, ಅಕ್ಟೋಬರಿನಲ್ಲಿ ನೋಡಿದವರು ಅದೇಕೆಂದು ಕೇಳುವುದಿಲ್ಲ. ಸ್ಟ್ರೌಡ್‌ನಿಂದ ಚೆಲ್ಟೆನ್‌ಹ್ಯಾಮ್‌ಗೆ ಹೋಗುವ ಬಸ್ಸು ಪೇನ್ಸ್‌ವಿಕ್ ಮೂಲಕವೇ ಸಾಗುತ್ತದೆ. ಸಾಮಾನು ಹೆಚ್ಚಿದ್ದರೆ ಟ್ಯಾಕ್ಸಿಯನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ. ನಿಲ್ದಾಣದ ಮುಂದೆ ಸದಾ ನಿಂತಿರುತ್ತದೆ ಎಂದು ನಂಬಬೇಡಿ.

ನಡಿಗೆಗೆ ಊರಿನಿಂದ ಉತ್ತರಕ್ಕಿರುವ ಪೇನ್ಸ್‌ವಿಕ್ ಬೀಕನ್ ಎಂಬ ಬೆಟ್ಟ ಸಾಕು. ಹೋಗಿಬರಲು ನಾಲ್ಕು ಮೈಲಿಯ ಒಳಗೇ ಆಗುತ್ತದೆ. ಚಿಪ್ಪಿಂಗ್ ಕ್ಯಾಂಪ್ಡೆನ್‌ನಿಂದ ಬಾತ್‌ವರೆಗೆ 102 ಮೈಲಿ ಸಾಗುವ ಕಾಟ್ಸ್‌ವೊಲ್ಡ್ ವೇ ಎಂಬ ಕಾಲುದಾರಿ ಇಲ್ಲಿಯೇ ಹಾದುಹೋಗುತ್ತದೆ. ಬೆಟ್ಟದ ತಲೆಯ ಮೇಲೆ ಕಬ್ಬಿಣಯುಗದ ಕೋಟೆಯ ಮಣ್ಣುದಿಬ್ಬಗಳಿವೆ. ಅವುಗಳ ಮೇಲೆ ಕುಳಿತರೆ ಕೆಳಗೆ ಸೆವರ್ನ್ ನದಿಯ ಬಯಲು, ಆಕಾಶ ತಿಳಿಯಾಗಿದ್ದರೆ ಆಚೆಗೆ ವೇಲ್ಸ್‌ನ ಬೆಟ್ಟಗಳು. ಎರಡನೆಯ ದಿನಕ್ಕೆ ಕ್ರಾನಮ್ ಕಡೆಯ ಬೀಚ್ ಕಾಡು. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 179ನೇ ನಕ್ಷೆಯನ್ನು ಕಾಗದದ ರೂಪದಲ್ಲೇ ಕೊಂಡುಕೊಳ್ಳಿ, ಏಕೆಂದರೆ ಆ ಕಣಿವೆಗಳಲ್ಲಿ ಫೋನಿನ ಸಂಕೇತ ಅಲ್ಲಲ್ಲಿ ಕಡಿದುಹೋಗುತ್ತದೆ. ಕಂಬಗಳ ಮೇಲಿನ ಹಳದಿ ಬಾಣ ಕಾಲುದಾರಿಯ ಗುರುತು.

ಒಂದು ವಿಶೇಷವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅಕ್ಟೋಬರಿನ ಕೊನೆಯ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ಭಾನುವಾರಕ್ಕೆ 25 ಗಂಟೆ. ಮಾತಾಡಲು ಹೊತ್ತಿಲ್ಲದ ನಿಮ್ಮಂತಹ ದಂಪತಿಗಳಿಗೆ ಅದಕ್ಕಿಂತ ಒಳ್ಳೆಯ ವಾರಾಂತ್ಯ ಇನ್ನೊಂದಿಲ್ಲ ಎಂಬುದು ನನ್ನ ಭಾವನೆ. ಶನಿವಾರ ಸಂಜೆ ಆರಕ್ಕೆ ಹತ್ತಿರ ಮುಳುಗುವ ಸೂರ್ಯ ಭಾನುವಾರ ಐದಕ್ಕೆ ಮುಂಚೆಯೇ ಮುಳುಗುತ್ತಾನೆ, ನಡಿಗೆಯನ್ನು ಅದಕ್ಕೆ ತಕ್ಕಂತೆ ಬೇಗ ಮುಗಿಸಿ. ಶಾಲೆಗಳ ರಜೆಯೂ ಆ ದಿನಗಳಲ್ಲೇ ಬರುವುದರಿಂದ ಬಾಡಿಗೆ ಏರಿರುತ್ತದೆ. ಇಬ್ಬರಿಗಷ್ಟೇ ಜಾಗವಿರುವ ಮನೆಗಳನ್ನು ಕುಟುಂಬಗಳು ಕೇಳುವುದಿಲ್ಲವಾದ್ದರಿಂದ ಅಂತಹದನ್ನೇ ಹುಡುಕಿ, ಜುಲೈ ಒಳಗೆ ಹಣ ಕಟ್ಟಿಬಿಡಿ.

ದಾರಿಹೋಕ

ಗ್ಲಾಸ್ಟರ್ ವಾಸಿಗಳು ಹೇಳಿದ್ದೆಲ್ಲವೂ ಸರಿಯಾಗಿದೆ, ಆದರೂ ವೈ ಕಣಿವೆಯ ಪರವಾಗಿ ಒಂದು ಮಾತು ಆಡದೆ ಇರಲಾರೆ. ಕೆಲವೆಡೆ ಇಂಗ್ಲೆಂಡಿಗೂ ವೇಲ್ಸಿಗೂ ಗಡಿಯಾಗಿ ಹರಿಯುವ ವೈ ನದಿ, ಸಿಮಂಡ್ಸ್ ಯಾಟ್ ಎಂಬ ಬಂಡೆಯ ಕೆಳಗೆ ಕುದುರೆಲಾಳದ ಆಕಾರದಲ್ಲಿ ಬಳಸಿಕೊಂಡು ಹೋಗುವುದನ್ನು ಎಲೆಗಳು ಬಣ್ಣ ತುಂಬಿದ ದಿನಗಳಲ್ಲಿ ಮೇಲಿನಿಂದ ನೋಡಿದವರು ಮರೆಯುವುದಿಲ್ಲ. ಅಲ್ಲಿಂದ ದಕ್ಷಿಣಕ್ಕೆ ಟಿಂಟರ್ನ್‌ನಲ್ಲಿ 1131ರಲ್ಲಿ ಸ್ಥಾಪನೆಯಾಗಿ, ಎಂಟನೆಯ ಹೆನ್ರಿಯ ಕಾಲದಲ್ಲಿ, 1536ರಲ್ಲಿ ಮುಚ್ಚಿಹೋದ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳ ಮಠದ ಅವಶೇಷವಿದೆ. ಸೂರು ಇಲ್ಲ, ಗೋಡೆಗಳೂ ಕಮಾನುಗಳೂ ಮಾತ್ರ ನಿಂತಿವೆ; ಕಿಟಕಿಯಿದ್ದ ಜಾಗದೊಳಗಿಂದ ಎದುರು ದಡದ ಕಾಡು ಕಾಣುತ್ತದೆ. ನಾನು ಹಂಪಿಯ ಕಡೆಯವನು. ಪಾಳುಬಿದ್ದ ಕಲ್ಲುಗಳ ನಡುವೆ ಮೌನವಾಗಿ ನಡೆಯುವುದೆಂದರೇನೆಂದು ಬಲ್ಲೆ, ಆದರೆ ಬಿಸಿಲಿನ ಕಲ್ಲಿಗೂ ಮಂಜಿನಲ್ಲಿ ನೆನೆದ ಕಲ್ಲಿಗೂ ಇರುವ ವ್ಯತ್ಯಾಸವನ್ನು ಅಲ್ಲಿಯೇ ಅರಿತೆ.

ಕಾರಿಲ್ಲದವರಿಗೆ ಇದು ಸ್ವಲ್ಪ ಕಷ್ಟ ಎಂಬುದನ್ನು ಒಪ್ಪುತ್ತೇನೆ. ಚೆಪ್‌ಸ್ಟೋ ತಲಪಲು ಎರಡು ಕಡೆ ರೈಲು ಬದಲಾಯಿಸಬೇಕು, ಅಲ್ಲಿಂದ ಮನ್ಮತ್‌ಗೆ ಹೋಗುವ ಬಸ್ಸಿನಲ್ಲಿ ಟಿಂಟರ್ನ್ ಸಿಗುತ್ತದೆ. ನಾಲ್ಕು ರಾತ್ರಿಗಳಾದರೂ ಇದ್ದಿದ್ದರೆ ಇದನ್ನೇ ಒತ್ತಾಯಿಸುತ್ತಿದ್ದೆ. ನಿಮ್ಮ ಮೂರು ರಾತ್ರಿಗೆ ಪೇನ್ಸ್‌ವಿಕ್ ಸರಿಯಾದೀತು, ವೈ ಕಣಿವೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ತೀರ್ಥಹಳ್ಳಿ ಕಡೆಯವಳು

ಒಲೆಯ ವಿಷಯ ಯಾರೂ ಮುಟ್ಟಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅದು ಸಣ್ಣ ವಿಷಯವಲ್ಲ, ಇಡೀ ವಾರಾಂತ್ಯ ಅದರ ಮೇಲೆ ನಿಂತಿರುತ್ತದೆ.

ನಾವು ಮದುವೆಯಾದ ಹೊಸದರಲ್ಲಿ ಇಂಥದೇ ಒಂದು ಮನೆಗೆ ಹೋಗಿದ್ದೆವು. ಬಚ್ಚಲೊಲೆಗೆ ಉರಿ ಹಾಕಿ ಬೆಳೆದ ನನಗೆ ಒಲೆ ಹೊತ್ತಿಸಲು ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ನಂಬಿಕೆಯಿತ್ತು. ಮನೆಯವರು ಹೊರಗಿನ ಚಪ್ಪರದಲ್ಲಿ ಇಟ್ಟಿದ್ದ ಸೌದೆ ನೋಡಲು ಒಣಗಿದಂತಿತ್ತು, ಒಳಗೆ ಪೂರ್ತಿ ಹಸಿ. ಎರಡು ಗಂಟೆ ಊದಿದರೂ ಕೊರಡಿನ ತುದಿಯಲ್ಲಿ ನೊರೆ ಬಂತೇ ಹೊರತು ಉರಿ ಹತ್ತಲಿಲ್ಲ, ಒಲೆಯ ಗಾಜು ಮಸಿ ಹಿಡಿದು ಕಪ್ಪಾಯಿತು, ಕೋಣೆಯ ತುಂಬ ಹೊಗೆ. ಕೋಟು ಹಾಕಿಕೊಂಡೇ ಮಲಗಿದೆವು. ಅಂದಿನಿಂದ ನಾನು ಯಾವ ಮನೆಯನ್ನು ಗೊತ್ತುಮಾಡುವ ಮೊದಲೂ ಸೌದೆಯ ಬಗ್ಗೆ ಬರೆದು ಕೇಳುತ್ತೇನೆ.

ಇಂಗ್ಲೆಂಡಿನಲ್ಲಿ 2021ರಿಂದ ಚಿಲ್ಲರೆಯಾಗಿ ಮಾರುವ ಸೌದೆಯಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ತೇವ ಇರಬಾರದೆಂಬ ನಿಯಮವಿದೆ, ಅಂತಹ ಚೀಲದ ಮೇಲೆ "ರೆಡಿ ಟು ಬರ್ನ್" ಎಂಬ ಗುರುತು ಇರುತ್ತದೆ. ಮನೆಯವರು ಕೊಡುವುದು ಒಂದು ಬುಟ್ಟಿ ಮಾತ್ರ ಎಂದಾದರೆ ಅದು ಒಂದು ಸಂಜೆಗಷ್ಟೇ ಸಾಕು, ಇನ್ನೆರಡು ಚೀಲ ಅಲ್ಲಿಗೇ ತರಿಸಿಡಲು ಸಾಧ್ಯವೇ ಎಂದು ಮೊದಲೇ ಕೇಳಿ. ಬಂದ ಸೌದೆಯನ್ನು ನೀವೇ ಪರೀಕ್ಷಿಸಬಹುದು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದಾಗ ಟಣ್ ಎಂಬ ಸದ್ದು ಬಂದರೆ ಒಣಗಿದೆ, ದಬ್ ಎಂದರೆ ಹಸಿ. ಒಣಗಿದ ಕೊರಡಿನ ತುದಿಯಲ್ಲಿ ಚಕ್ರದ ಅರೆಗಳ ಹಾಗೆ ಬಿರುಕುಗಳಿರುತ್ತವೆ, ಎತ್ತಿದರೆ ಅದರ ಗಾತ್ರಕ್ಕೆ ಹಗುರ ಅನ್ನಿಸುತ್ತದೆ.

ಹೊತ್ತಿಸುವ ಕ್ರಮ ನಮ್ಮ ಊರಿನದಕ್ಕಿಂತ ಬೇರೆ. ನಾವು ಕೆಳಗೆ ಗರಟೆ, ತೆಂಗಿನ ಗರಿ ಇಟ್ಟು ಮೇಲೆ ಸೌದೆ ಪೇರಿಸುತ್ತೇವೆ. ಬಾಗಿಲು ಮುಚ್ಚುವ ಈ ಒಲೆಗಳಲ್ಲಿ ತಿರುವುಮುರುವು ಮಾಡಿದರೆ ಹೊಗೆ ಕಡಿಮೆ. ಎರಡು ದಪ್ಪ ಕೊರಡುಗಳನ್ನು ಅಡಿಯಲ್ಲಿ ಇಡಿ, ಅವುಗಳ ಮೇಲೆ ಬೆರಳಿನ ದಪ್ಪದ ಚಕ್ಕೆಗಳನ್ನು ಅಡ್ಡಡ್ಡವಾಗಿ ಎರಡು ಮೂರು ಸಾಲು ಜೋಡಿಸಿ, ಎಲ್ಲಕ್ಕಿಂತ ಮೇಲೆ ಬೆಂಕಿ ಹಿಡಿಸುವ ತುಂಡನ್ನು ಇಟ್ಟು ಕಡ್ಡಿ ಗೀರಿ. ಗಾಳಿಯ ಕಿಂಡಿಗಳು ಪೂರ್ತಿ ತೆರೆದಿರಲಿ, ಮೊದಲ ಐದು ಹತ್ತು ನಿಮಿಷ ಬಾಗಿಲನ್ನು ಒಂದು ಬೆರಳಿನಷ್ಟು ಬಿಟ್ಟಿರಿ. ಚಿಮಣಿ ಬಿಸಿಯಾಗಿ ಎಳೆತ ಹಿಡಿದ ಮೇಲೆ ಬಾಗಿಲು ಮುಚ್ಚಿ, ಕಿಂಡಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. ಉರಿ ಸೋಮಾರಿಯಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿತೆಂದರೆ ಗಾಳಿ ಸಾಲದು. ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆಯ ಗಂಟೆ ಇದೆಯೇ ಎಂದು ಒಳಗೆ ಕಾಲಿಟ್ಟ ಕೂಡಲೇ ನೋಡಿ, ಅದರ ಗುಂಡಿ ಒತ್ತಿ ಸದ್ದು ಬರುವುದನ್ನು ಖಚಿತಪಡಿಸಿಕೊಳ್ಳಿ. ಅದು ಇಲ್ಲದ ಮನೆಯಲ್ಲಿ ಒಲೆ ಹೊತ್ತಿಸಬಾರದು.

ಅಡುಗೆಯ ಬಗ್ಗೆ ಹೆಚ್ಚು ಯೋಚಿಸಬೇಡಿ. ಹಳ್ಳಿಯ ಪಬ್‌ಗಳಲ್ಲಿ ಸಸ್ಯಾಹಾರ ಸಿಗುತ್ತದೆ, ಆದರೆ ಅಡುಗೆಮನೆ ಮಧ್ಯಾಹ್ನದ ಊಟದ ಹೊತ್ತು ಮುಗಿದ ಮೇಲೆ ಮುಚ್ಚಿ ಮತ್ತೆ ಸಂಜೆಗೇ ತೆರೆಯುವ ಪದ್ಧತಿ ಹಲವು ಕಡೆ ಇರುವುದರಿಂದ ಮೇಜನ್ನು ಮೊದಲೇ ಕಾದಿರಿಸಬೇಕು. ನಾನು ಸಾರಿನ ಪುಡಿ, ತುಪ್ಪ, ಸಣ್ಣಕ್ಕಿ, ಹಪ್ಪಳ, ಒಂದು ಡಬ್ಬಿ ಚಟ್ನಿಪುಡಿ ಒಯ್ಯುತ್ತೇನೆ. ಹಳೆಯ ಮನೆಗಳ ಮಾಳಿಗೆ ಬಹಳ ತಗ್ಗು, ಹೊಗೆಯ ಎಚ್ಚರಿಕೆಯ ಗಂಟೆ ತಲೆಯ ಮೇಲೇ ಇರುತ್ತದೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮೊದಲು ಕಿಟಕಿ ತೆರೆಯುವುದನ್ನು ಮರೆಯಬೇಡಿ.

ಇನ್ನೊಂದನ್ನು ತಪ್ಪಿಸಿಕೊಳ್ಳಬಾರದು. ಕಾಡಿನಲ್ಲಿ ಸಿಹಿ ಚೆಸ್ಟ್‌ನಟ್ ಮರ ಸಿಕ್ಕಿದರೆ ಅದರ ಅಡಿಯಲ್ಲಿ ಒಂದು ಹಿಡಿ ಕಾಯಿ ಆಯ್ದುಕೊಳ್ಳಿ. ಗುರುತು ತಪ್ಪಬಾರದು. ಸಿಹಿ ಚೆಸ್ಟ್‌ನಟ್‌ನ ಸಿಪ್ಪೆಯ ಮೇಲೆ ಮುಳ್ಳುಹಂದಿಯ ಮರಿಯಂತೆ ಒತ್ತಾಗಿ ಸಣ್ಣ ಮುಳ್ಳುಗಳಿರುತ್ತವೆ, ಒಳಗೆ ಎರಡು ಮೂರು ಬೀಜಗಳು, ಪ್ರತಿಯೊಂದಕ್ಕೂ ಚೂಪಾದ ತುದಿ. ಕುದುರೆ ಚೆಸ್ಟ್‌ನಟ್‌ನದು ದಪ್ಪ ಸಿಪ್ಪೆಯ ಮೇಲೆ ಅಲ್ಲೊಂದು ಇಲ್ಲೊಂದು ಮುಳ್ಳು, ಒಳಗೆ ದುಂಡಗೆ ಹೊಳೆಯುವ, ತುದಿಯಿಲ್ಲದ ಬೀಜ. ಅದು ವಿಷ, ತಿನ್ನಬಾರದು. ಸಂದೇಹವಿದ್ದರೆ ಅಂಗಡಿಯದನ್ನೇ ಕೊಳ್ಳಿ. ಚಾಕುವಿನಿಂದ ಬೀಜದ ಸಿಪ್ಪೆಯನ್ನು ಅಡ್ಡಕ್ಕೆ ಸೀಳಿ, ಬಾಣಲೆಯಲ್ಲಿಟ್ಟು ಕೆಂಡದ ಮೇಲೆ ಸುಡಿ. ಸೀಳದಿದ್ದರೆ ಸಿಡಿಯುತ್ತವೆ. ಬಾಯಿಗೆ ಹಾಕಿದ ಕೂಡಲೇ, ಮಳೆಗಾಲದಲ್ಲಿ ಬೂದಿಯೊಳಗೆ ಹುಗಿದು ಸುಟ್ಟ ಹಲಸಿನ ಬೀಜ ನಿಮಗೆ ನೆನಪಾಗದಿದ್ದರೆ ಕೇಳಿ.

ಸಂಪಿಗೆಮರ, ಸ್ಲೌ

ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಪೇನ್ಸ್‌ವಿಕ್‌ನ ಅಂಚಿನಲ್ಲಿ ಇಬ್ಬರಿಗೆ ಸಾಕಾಗುವ ಮನೆಯೊಂದು ಗಡಿಯಾರ ಹಿಂದೆ ತಿರುಗಿಸುವ ವಾರಾಂತ್ಯಕ್ಕೇ ಸಿಕ್ಕಿದೆ. ಬಾಡಿಗೆ 480 ಪೌಂಡ್. ಸೌದೆಯ ಬಗ್ಗೆ ಬರೆದು ಕೇಳಿದೆ, ಎರಡು ಚೀಲ ಹೆಚ್ಚುವರಿಯಾಗಿ ಇಡುತ್ತಾರಂತೆ. ಒಂದೇ ಒಂದು ಅಳುಕಿದೆ. ಮೂರು ದಿನವೂ ಮಳೆ ಹಿಡಿದರೆ ಏನು ಮಾಡುವುದು? ಅವರು ಸುಮ್ಮನೆ ಕುಳಿತು ಅಭ್ಯಾಸವಿಲ್ಲದವರು.

ಗ್ಲಾಸ್ಟರ್ ವಾಸಿ

ಮಳೆ ಬಂದರೆ ಬರಲಿ. ಬೀಚ್ ಕಾಡಿನ ಬಣ್ಣ ಒದ್ದೆಯಾದಾಗಲೇ ಹೆಚ್ಚು ಆಳ. ಬೂದುಬಣ್ಣದ ಕಾಂಡಗಳು ಕಪ್ಪಗೆ ನೆನೆದು ನೆಲದ ಮೇಲಿನ ಎಲೆಗಳು ಬೆಳಕು ಹಚ್ಚಿದಂತೆ ಕಾಣುತ್ತವೆ. ನಾನು ಅಂಜುವುದು ಗಾಳಿಗೆ, ಏಕೆಂದರೆ ಒಂದೇ ರಾತ್ರಿಯ ಬಿರುಗಾಳಿ ಇಡೀ ಕಾಡನ್ನು ಬರಿದುಮಾಡಬಲ್ಲದು. ಮೊಣಕಾಲುದ್ದದ ರಬ್ಬರ್ ಬೂಟುಗಳನ್ನೂ ಎರಡು ಜೊತೆ ಉಣ್ಣೆಯ ಕಾಲುಚೀಲಗಳನ್ನೂ ಒಯ್ಯಿರಿ, ಹೊಲದ ಬಾಗಿಲುಗಳ ಬಳಿ ಕೆಸರು ಹಿಮ್ಮಡಿ ಮುಳುಗುವಷ್ಟಿರುತ್ತದೆ. ಸುಮ್ಮನೆ ಕೂರಲಾಗದ ನಿಮ್ಮ ಯಜಮಾನರಿಗೆ ಒಲೆಯ ಉಸ್ತುವಾರಿಯನ್ನು ಒಪ್ಪಿಸಿಬಿಡಿ.

ಕತ್ತಲಾದ ಮೇಲೆ ಕಿಟಕಿಯನ್ನು ಸ್ವಲ್ಪ ತೆರೆದು ಕಿವಿಗೊಡಿ. ಕಂದು ಗೂಬೆಗಳು ತಮ್ಮ ತಮ್ಮ ಎಲ್ಲೆ ಗುರುತಿಸಿಕೊಳ್ಳಲು ಹೆಚ್ಚಾಗಿ ಕೂಗುವುದು ಈ ತಿಂಗಳುಗಳಲ್ಲೇ. ನಾವು ಒಂದೇ ಹಕ್ಕಿಯ ಕೂಗೆಂದು ತಿಳಿಯುವುದು ಅನೇಕ ಸಲ ಎರಡು ಹಕ್ಕಿಗಳದು. ಹೆಣ್ಣು ಕೀವಿಕ್ ಎಂದು ಚುಟುಕಾಗಿ ಕರೆಯುತ್ತದೆ, ಗಂಡು ಹೂ ಹೂಹೂ ಎಂದು ಎಳೆದು ಉತ್ತರಿಸುತ್ತದೆ. ನಮ್ಮಲ್ಲಿ ಗೂಬೆ ಕೂಗಿದರೆ ಅಪಶಕುನವೆಂದು ಹಿರಿಯರು ಹೇಳುತ್ತಿದ್ದರು, ನನ್ನ ಹೆಂಡತಿಯೂ ಮೊದಲ ಸಲ ಕಿಟಕಿ ಮುಚ್ಚಿಸಿದ್ದಳು. ಈಗ ಆಕೆಯೇ ತೆರೆಯುತ್ತಾಳೆ.

ಸಂಪಿಗೆಮರ, ಸ್ಲೌ

ಹೋಗಿ ಬಂದು ಎಂಟು ದಿನಗಳಾದವು. ಮುಂದೆ ಹೋಗುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಶುಕ್ರವಾರ ನಾವು ಮನೆ ಸೇರಿದಾಗ ಕತ್ತಲಾಗಿತ್ತು. ಬಾಗಿಲು ಎಷ್ಟು ತಗ್ಗೆಂದರೆ ಯಜಮಾನರು ಬಾಗಿಯೇ ಒಳಗೆ ಬರಬೇಕಾಯಿತು. ಗೋಡೆ ಒಂದು ಮೊಳಕ್ಕಿಂತ ದಪ್ಪವಿದ್ದುದರಿಂದ ಕಿಟಕಿಯ ಒಳಗಟ್ಟೆಯ ಮೇಲೆ ನಾನೊಬ್ಬಳು ಕಾಲು ಮಡಚಿ ಕೂರುವಷ್ಟು ಜಾಗವಿತ್ತು. ಮೂರು ದಿನವೂ ಅದೇ ನನ್ನ ಜಾಗವಾಯಿತು. ಒಲೆ ಮೊದಲ ಸಲಕ್ಕೇ ಹೊತ್ತಿಕೊಂಡಿತು. ತೀರ್ಥಹಳ್ಳಿ ಕಡೆಯವರ ಸೂಚನೆಗಳನ್ನು ಯಜಮಾನರು ಫೋನಿನಲ್ಲಿ ಓದಿಕೊಂಡು, ಕೊರಡುಗಳನ್ನು ಒಂದೊಂದಾಗಿ ಬಡಿದು ಸದ್ದು ಕೇಳಿ, ಒಣಗಿದ್ದನ್ನೂ ಹಸಿಯಾದದ್ದನ್ನೂ ಬೇರೆ ಬೇರೆ ಮಾಡಿ ಇಟ್ಟರು. ಆಮೇಲೆ ಮೂರು ದಿನ ಒಲೆಯನ್ನು ನನಗೆ ಮುಟ್ಟಲು ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಎದ್ದಾಗ ಕಣಿವೆಯೆಲ್ಲ ಮಂಜು, ಚರ್ಚಿನ ಗೋಪುರದ ತುದಿಯೊಂದೇ ಕಾಣುತ್ತಿತ್ತು. ಹನ್ನೊಂದಕ್ಕೆ ಬೀಕನ್ ಕಡೆಗೆ ಹೊರಟೆವು. ಬೀಚ್ ಮರಗಳ ಅಡಿಗೆ ಬಂದಾಗ ಗಾಳಿ ಸ್ವಲ್ಪವೂ ಇರಲಿಲ್ಲ, ಆದರೂ ಎಲೆಗಳು ಬೀಳುತ್ತಿದ್ದವು. ಅವು ನೇರವಾಗಿ ಬೀಳುವುದಿಲ್ಲ ಎಂಬುದನ್ನು ನಾನು ಮೊದಲ ಸಲ ಗಮನಿಸಿದೆ: ಒಂದು ಎಲೆ ತೊಟ್ಟಿನಿಂದ ಬಿಟ್ಟು, ಕೆಳಗಿನ ಕೊಂಬೆಯ ಎಲೆಯ ಮೇಲೆ ಕುಳಿತು, ಅಲ್ಲಿಂದ ಇನ್ನೊಂದಕ್ಕೆ ಜಾರಿ, ನೆಲ ಮುಟ್ಟುವಷ್ಟರಲ್ಲಿ ಮೂರು ನಾಲ್ಕು ಕಡೆ ತಡೆದಿರುತ್ತದೆ, ಪ್ರತಿ ತಡೆಗೂ ಟಪ್ ಎಂಬ ಒಂದು ಸಣ್ಣ ಸದ್ದು. ಇಡೀ ಕಾಡಿನಲ್ಲಿ ಆ ಸದ್ದೊಂದೇ ಇತ್ತು. ನಾವು ಎಷ್ಟು ಹೊತ್ತು ನಿಂತಿದ್ದೆವೋ ತಿಳಿಯದು. ಯಜಮಾನರು ನನ್ನ ಕೋಟಿನ ಟೋಪಿಯೊಳಗೆ ಬಿದ್ದಿದ್ದ ಎಲೆಗಳನ್ನು ತೆಗೆಯುತ್ತ, ರಾತ್ರಿ ಪಾಳಿಯಲ್ಲಿ ಮೂರು ಗಂಟೆಯ ಹೊತ್ತಿಗೆ ನಾನು ಏನು ಮಾಡುತ್ತಿರುತ್ತೇನೆ ಎಂದು ಕೇಳಿದರು. ನಾಲ್ಕು ವರ್ಷಗಳಲ್ಲಿ ಅದನ್ನು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬೀಕನ್‌ನಿಂದ ಇಳಿದು ಮನೆ ತಲಪುವವರೆಗೆ ಅದನ್ನೇ ಹೇಳಿದೆ.

ಚೆಸ್ಟ್‌ನಟ್ ಕಾಡಿನಲ್ಲಿ ಸಿಗಲಿಲ್ಲ, ಸ್ಟ್ರೌಡ್‌ನಲ್ಲಿ ಕೊಂಡು ತಂದದ್ದನ್ನು ಸುಟ್ಟೆವು. ಒಂದನ್ನು ಸೀಳಲು ಮರೆತಿದ್ದೆ, ಅದು ಸಿಡಿದು ಬಾಣಲೆಯ ಮುಚ್ಚಳವನ್ನೇ ಎತ್ತಿಹಾಕಿತು. ರುಚಿಯ ವಿಷಯದಲ್ಲಿ ಒಂದು ತಿದ್ದುಪಡಿ: ಹಲಸಿನ ಬೀಜಕ್ಕಿಂತ ಸಿಹಿ ಹೆಚ್ಚು, ಒಳಗೆ ಹಿಟ್ಟಿನಂತೆ ಮೃದು. ಆದರೂ ಇಬ್ಬರಿಗೂ ಊರಿನ ಮಳೆಗಾಲವೇ ನೆನಪಾಯಿತು.

ಆ ಹೆಚ್ಚುವರಿ ಒಂದು ಗಂಟೆಯನ್ನು ನಾವು ಎಚ್ಚರವಾಗಿಯೇ ಕಳೆದೆವು. ಕೆಂಡದ ಬೆಳಕಿನಲ್ಲಿ ಕುಳಿತಿದ್ದಾಗ ಫೋನಿನ ಗಡಿಯಾರ 1:59 ಇದ್ದದ್ದು ಮತ್ತೆ 1:00 ಆಯಿತು. ಗೂಬೆಗಳ ಕೂಗು ಕೇಳಿಸಿತು, ಮೊದಲು ಕೀವಿಕ್ ಎಂದು ಒಂದು ಹತ್ತಿರದಲ್ಲೇ, ಬಹಳ ಹೊತ್ತಾದ ಮೇಲೆ ಕಣಿವೆಯ ಆಚೆಯಿಂದ ಇನ್ನೊಂದು. ಭಾನುವಾರ ಪೂರ್ತಿ ಮಳೆ. ನಾವು ಚರ್ಚಿನ ಅಂಗಳದವರೆಗೆ ಮಾತ್ರ ಹೋಗಿ ಯೂ ಮರಗಳನ್ನು ಎಣಿಸಿದೆವು, ಅವರ ಲೆಕ್ಕ 97, ನನ್ನದು 101.

ತೊಂದರೆಯೆಂದರೆ ಎರಡೇ. ಭಾನುವಾರ ಬಸ್ಸುಗಳು ಬಹಳ ವಿರಳ, ಹಾಗಾಗಿ ಮರಳುವ ದಿನವನ್ನು ಸೋಮವಾರಕ್ಕೆ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಶನಿವಾರ ರಾತ್ರಿಗೆ ಪಬ್ಬಿನಲ್ಲಿ ಮೇಜು ಸಿಗಲಿಲ್ಲ. ಅನ್ನ, ಸಾರು, ಹಪ್ಪಳಗಳೇ ನಮ್ಮ ಹತ್ತನೆಯ ವರ್ಷದ ಊಟವಾಯಿತು.

ಮನೆಯಲ್ಲಿ ಅತಿಥಿಗಳು ಬರೆಯುವ ಒಂದು ಪುಸ್ತಕವಿತ್ತು. ಹೊರಡುವ ಬೆಳಿಗ್ಗೆ ಯಜಮಾನರು ಅದರಲ್ಲಿ ಇಂಗ್ಲಿಷಿನಲ್ಲಿ ಒಮ್ಮೆ, ಅದರ ಕೆಳಗೆ ಕನ್ನಡದಲ್ಲಿ ಇನ್ನೊಮ್ಮೆ, ತಮ್ಮ ದುಂಡನೆಯ ಅಕ್ಷರಗಳಲ್ಲಿ ಬರೆದರು: "ಚಪ್ಪರದೊಳಗೆ ಎಡಗಡೆಯ ಸಾಲಿನ ಸೌದೆ ಒಣಗಿದೆ. ಬಲಗಡೆಯದು ಬರುವ ವರ್ಷಕ್ಕೆ."